ಹಿತ್ತಲ ತಗಡಿನ ಹದಿನೆಂಟು ತಗ್ಗು

ಆ ವರ್ಷ ಆಲಿಕಲ್ಲು ಬಿದ್ದದ್ದು ಯುಗಾದಿ ಕಳೆದು ಎರಡು ವಾರಕ್ಕೆ, ಮಧ್ಯಾಹ್ನ ಮೂರೂವರೆಯ ಹೊತ್ತಿಗೆ. ಹುಮನಾಬಾದದ ಮನೆಯಲ್ಲಿ ನಾನು ಊಟ ಮುಗಿಸಿ, ಒಂದು ಟ್ರ್ಯಾಕ್ಟರ್ ಅಪಘಾತದ ವರದಿ ಬರೆಯುತ್ತ ಕುಳಿತಿದ್ದೆ. ಪಶ್ಚಿಮದ ಕಡೆ ಆಕಾಶ ಕಪ್ಪಾಯಿತು, ಗಾಳಿ ಎದ್ದಿತು, ಬೀದಿಯಲ್ಲಿ ಒಣಹಾಕಿದ್ದ ಮೆಣಸಿನಕಾಯಿಯನ್ನು ಹೆಂಗಸರು ಸೀರೆಯಿಂದ ಬಾಚಿಕೊಳ್ಳುತ್ತಿರುವಾಗಲೇ ಮೊದಲ ಕಲ್ಲು ಬಿತ್ತು. ಹತ್ತು ಹನ್ನೆರಡು ನಿಮಿಷ, ಅಷ್ಟೇ. ನಿಂತಮೇಲೆ ಹೊರಗೆ ಬಂದು ನೋಡಿದರೆ ಅಂಗಳವೆಲ್ಲ ಬೆಳ್ಳಗೆ. ಕೆಲವು ಬೋರೆಹಣ್ಣಿನಷ್ಟು, ಕೆಲವು ನಿಂಬೆಹಣ್ಣಿನಷ್ಟು. ಎದುರುಮನೆಯಾಕೆ ಸ್ಟೀಲಿನ ಬುಟ್ಟಿಯಲ್ಲಿ ಆರಿಸಿ ತುಂಬಿಕೊಳ್ಳುತ್ತಿದ್ದಳು.

“ಫ್ರಿಡ್ಜಿನ್ಯಾಗ ಇಡ್ತೀನ್ರಿ. ಮೊಮ್ಮಗಳು ಬಂದ್ರ ತೋರಸ್ಬೇಕು” ಎಂದಳು.

ನಾನು ಒಳಗೆ ಹೋಗಿ ಕ್ಯಾಮೆರಾ, ಟೇಪು, ಸೀಮೆಸುಣ್ಣ ಎಲ್ಲವನ್ನೂ ಚೀಲಕ್ಕೆ ಹಾಕಿಟ್ಟೆ. ಎರಡು ದಿನದೊಳಗೆ ಫೋನು ಬರುತ್ತದೆಂದು ಗೊತ್ತಿತ್ತು.

ವಿಮಾ ಕಂಪನಿಗಳಿಗೆ ನಷ್ಟದ ಅಂದಾಜು ಮಾಡಿಕೊಡುವ ಸರ್ವೇಯರ್ ನಾನು. ಸಿವಿಲ್ ಡಿಪ್ಲೊಮಾ ಓದಿ, ಪರೀಕ್ಷೆ ಕಟ್ಟಿ, ಲೈಸೆನ್ಸ್ ತೆಗೆದುಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಹೆದ್ದಾರಿ ಊರ ಮಗ್ಗುಲಲ್ಲೇ ಹೋಗುವುದರಿಂದ ನನ್ನ ಕೆಲಸದ ಮುಕ್ಕಾಲುಪಾಲು ಲಾರಿ, ಜೀಪು, ಕಬ್ಬಿನ ಟ್ರ್ಯಾಲಿಗಳದೇ. ಮನೆಗಳದು ಅಪರೂಪ. ಬ್ಯಾಂಕಿನ ಸಾಲದಲ್ಲಿ ಕಟ್ಟಿದ ಮನೆಗೆ ವಿಮೆ ಇರುತ್ತದೆ. ಇದೆ ಎಂಬುದೇ ಎಷ್ಟೋ ಜನರಿಗೆ ನೆನಪಿರುವುದಿಲ್ಲ. ಆಲಿಕಲ್ಲು ಬಿದ್ದ ವರ್ಷ ಮಾತ್ರ ಎಲ್ಲರೂ ಟ್ರಂಕು ತೆಗೆದು ಕಾಗದ ಹುಡುಕುತ್ತಾರೆ.

ಛಾವಣಿ ನೋಡುವ ಕೆಲಸ ಕಷ್ಟದ್ದಲ್ಲ, ಆದರೆ ಏರಬೇಕು. ಕಲ್ಲು ಗಾಳಿಯ ಜೊತೆ ಓರೆಯಾಗಿ ಬರುತ್ತದೆ, ಆದ್ದರಿಂದ ಗಾಳಿಗೆ ಎದುರಾದ ಇಳಿಜಾರಿಗೇ ಹೆಚ್ಚು ಪೆಟ್ಟು. ಒಂದೇ ಗಾತ್ರದ ಕಲ್ಲು ಬೀಳುವುದಿಲ್ಲ, ಒಂದೇ ಸಾಲಿನಲ್ಲೂ ಬೀಳುವುದಿಲ್ಲ. ಸಿಮೆಂಟ್ ಶೀಟು ಒಡೆಯುತ್ತದೆ, ಇಲ್ಲವೇ ಕೂದಲೆಳೆಯಂಥ ಬಿರುಕು ಬಿಡುತ್ತದೆ. ತಗಡಿನಲ್ಲಿ ತಗ್ಗು ಬೀಳುತ್ತದೆ. ಸೀಮೆಸುಣ್ಣವನ್ನು ಅಡ್ಡ ಹಿಡಿದು ತಗಡಿನ ಮೇಲೆ ಸವರಿದರೆ ಸಮತಟ್ಟು ಭಾಗ ಬಿಳಿಯಾಗಿ, ತಗ್ಗು ಮಾತ್ರ ಹಾಗೇ ಉಳಿದು ಎದ್ದು ಕಾಣುತ್ತದೆ. ಸೂರಿನ ಅಂಚಿಗೆ ಮಳೆನೀರು ಹಿಡಿಯಲು ಕಟ್ಟುವ ತಗಡಿನ ದೋಣಿಯನ್ನು ನಾನು ಎಲ್ಲಕ್ಕಿಂತ ಮೊದಲು ನೋಡುತ್ತೇನೆ. ಅದು ತೆಳು, ಸಣ್ಣ ಕಲ್ಲಿನ ಗುರುತೂ ಅದರಲ್ಲಿ ಉಳಿಯುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನಾನೊಮ್ಮೆ ತಪ್ಪಿದ್ದೆ. ಆ ಆಲಿಕಲ್ಲಿಗೆ ಏಳು ವರ್ಷ ಮೊದಲಿನ ಮಾತು. ಹುಮನಾಬಾದದಲ್ಲೇ ಒಬ್ಬ ಕಿರಾಣಿ ಅಂಗಡಿಯವನ ಮನೆ. ಮುಂದಿನ ತಗಡಿನ ಮೇಲೆ ಯಾರೋ ಸುತ್ತಿಗೆಯಿಂದ ಹೊಡೆದ ಗುರುತು ನಿಚ್ಚಳವಾಗಿತ್ತು. ಬಣ್ಣ ಕಿತ್ತು ಒಳಗಿನ ಬಿಳಿ ಕಾಣುತ್ತಿತ್ತು. ನನಗೆ ಸಿಟ್ಟು ಬಂತು. ಸಂಜೆಯೂ ಆಗಿತ್ತು. ಹಿಂದಿನ ಇಳಿಜಾರಿಗೆ ಹೋಗದೆ ಕೆಳಗಿಳಿದು, ಹಾನಿ ಕೃತಕ ಎಂದು ಬರೆದು ಕಳಿಸಿದೆ. ಕ್ಲೇಮು ಪೂರ್ತಿ ಹೋಯಿತು. ಜೂನಿನಲ್ಲಿ ಮಳೆ ಹಿಡಿದಾಗ ಆ ಬೀದಿಯಲ್ಲಿ ಸ್ಕೂಟರ್ ಮೇಲೆ ಹೋಗುತ್ತಿದ್ದವಳು ಆ ಮನೆಯ ಹಿಂಭಾಗಕ್ಕೆ ನೀಲಿ ತಾಡಪಾಲು ಹೊದಿಸಿದ್ದನ್ನು ಕಂಡು ನಿಂತೆ. ಅಂಗಡಿಯವನು ನನ್ನನ್ನು ನೋಡಿ ಒಳಗೆ ಹೋದ. ಅವನ ಹೆಂಡತಿ ಕರೆದೊಯ್ದು ತೋರಿಸಿದಳು. ಹಿಂದಿನ ಸಿಮೆಂಟ್ ಶೀಟುಗಳಲ್ಲಿ ಒಂಬತ್ತು ನಿಜವಾಗಿಯೂ ಒಡೆದಿದ್ದವು. ನಾನು ಕಂಪನಿಗೆ ಪತ್ರ ಬರೆದೆ. ಕಡತ ಮುಗಿದಿದೆ ಎಂದು ಉತ್ತರ ಬಂತು. ಅವನು ಸುಳ್ಳು ಸೇರಿಸಿದ್ದು ಹೌದು, ಆದರೆ ಹಿಂದಕ್ಕೆ ಹೋಗಿ ನೋಡದೇ ಇದ್ದದ್ದು ನಾನು. ಅಂದಿನಿಂದ ಏಣಿ ಹಚ್ಚಿದ ಮನೆಯಲ್ಲಿ ನಾಲ್ಕೂ ಕಡೆ ನೋಡದೆ ಇಳಿಯುವುದಿಲ್ಲ.

ಈ ಸಲ ಬಂದ ಪಟ್ಟಿಯಲ್ಲಿ ಹದಿನಾಲ್ಕು ಮನೆಗಳಿದ್ದವು. ಹುಡಗಿ ಗ್ರಾಮದಲ್ಲಿ ಎರಡು, ಹುಮನಾಬಾದದಲ್ಲಿ ಐದು, ಉಳಿದದ್ದೆಲ್ಲ ಬಸವಕಲ್ಯಾಣ. ನಾಲ್ಕನೆಯ ದಿನ ಬೆಳಿಗ್ಗೆ ಸ್ಕೂಟರ್ ಹತ್ತಿ ಕಲ್ಯಾಣಕ್ಕೆ ಹೊರಟೆ. ದಾರಿಯುದ್ದಕ್ಕೂ ಮಾವಿನ ಗಿಡಗಳ ಕೆಳಗೆ ಹೀಚು ಬಿದ್ದು ಕೊಳೆಯುತ್ತಿತ್ತು. ಕೆರೆಯ ಕಡೆಯ ಹೊಸ ಬಡಾವಣೆಯಲ್ಲಿ ಅವತ್ತಿನ ಮೂರನೆಯ ಮನೆ ಒಬ್ಬ ನಿವೃತ್ತ ಲೈನ್‌ಮನ್ನರದು.

ಅವರು ಗೇಟಿನಲ್ಲೇ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಎತ್ತರದ ಆಳು, ಅರವತ್ತೈದರ ಆಸುಪಾಸು. ಒಂದು ಮೊಣಕಾಲಿಗೆ ಆಪರೇಷನ್ ಆಗಿ ಕೋಲು ಹಿಡಿದಿದ್ದರು. ನನ್ನ ಹಿಂದೆ ಇನ್ನೊಬ್ಬರು ಬರುತ್ತಾರೇನೋ ಎಂದು ಬೀದಿಯ ಕಡೆ ನೋಡಿದರು.

“ಮ್ಯಾಲ ನೀವ ಏರ್ತೀರೇನ್ರಿ ಮೇಡಂ?”

“ಹೌದ್ರಿ, ನಾನ ಏರ್ತೀನಿ. ಬ್ಯಾರೆ ಯಾರೂ ಬಂದಿಲ್ರಿ.”

“ಹಂಗಾರ ಚಪ್ಪಲ ಬಿಡ್ರಿ. ನಿಚ್ಚಣಿಕಿ ಅಲ್ಲಿ ಬ್ಯಾಡ, ಬುಡ ಜಾರ್ತದ. ಈ ಗೋಡಿಗೆ ಹಚ್ರಿ. ಸಿಮೆಂಟ್ ಪತ್ರಾದ ನಡಕ ಕಾಲ್ ಇಡಬ್ಯಾಡ್ರಿ, ಮೊಳಿ ಹೊಡದ ಸಾಲಿನ ಮ್ಯಾಲ ಇಡ್ರಿ. ನಾ ಮೂವತ್ತ ವರ್ಷ ಕಂಬ ಹತ್ತೀನಿ, ಬಿದ್ದವ್ರನ್ನ ಭಾಳ ನೋಡೀನಿ.”

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಮುಂದೆ ಬಂದರು. ಸಣ್ಣ ಮೈಕಟ್ಟು, ಚುರುಕು ನಡಿಗೆ. ಸೆರಗನ್ನು ಬಿಗಿಯಾಗಿ ಸುತ್ತಿಕೊಂಡಿದ್ದರು.

“ಬಿಸಲ ಭಾಳ ಅದರಿ ಮೇಡಂ. ಮ್ಯಾಲ ಯಾಕ ಪರೇಶಾನ ಆಗ್ತೀರಿ? ಕೆಳಗಿಂದ ಫೋಟೋ ಹೊಡದ್ರ ನಡ್ಯಂಗಿಲ್ಲೇನ್ರಿ? ಹಿತ್ತಲದಾಗಿಂದ ಛಂದ ಕಾಣ್ತದ.”

“ಕೆಳಗಿನದೂ ಹೊಡೀತೀನ್ರಿ, ಮ್ಯಾಲಿನದೂ ಹೊಡೀತೀನಿ” ಎಂದು ನಾನು ಏಣಿ ಹಿಡಿದೆ.

ಮನೆಯ ಮೂರು ಕೋಣೆಗಳಿಗೆ ಎರಡು ಇಳಿಜಾರಿನ ಸಿಮೆಂಟ್ ಶೀಟು ಹಾಕಿದ್ದರು. ಪಶ್ಚಿಮದ ಇಳಿಜಾರು ನೋಡಿದ ಕೂಡಲೇ ತಿಳಿಯಿತು. ಏಳು ಶೀಟುಗಳು ಒಡೆದಿದ್ದವು, ಎರಡರಲ್ಲಿ ಮುಷ್ಟಿ ಹೋಗುವಷ್ಟು ತೂತು. ಇನ್ನೂ ನಾಲ್ಕರಲ್ಲಿ ನಕ್ಷತ್ರದಂತೆ ಕವಲೊಡೆದ ಸಣ್ಣ ಬಿರುಕುಗಳು. ಬೆರಳಿನಿಂದ ನೀರು ಚಿಮುಕಿಸಿದರೆ ಬಿರುಕು ಕಪ್ಪು ಗೆರೆಯಾಗಿ ಕಾಣುತ್ತಿತ್ತು. ದೋಣಿಯ ತುಂಬ ದೊಡ್ಡದು ಸಣ್ಣದು ಸೇರಿ ಬೇಕಾದಷ್ಟು ತಗ್ಗು, ಎರಡು ಕಡೆ ಜೋಡಣೆ ಕಿತ್ತು ಜೋತಾಡುತ್ತಿತ್ತು. ಇದರಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಕೆಳಗಿನಿಂದ ಲೈನ್‌ಮನ್ನರು ಕೂಗುತ್ತಿದ್ದರು.

“ಎಡಕ್ಕ ಮೂರನೇದು ನೋಡಿದ್ರಿ? ಅದರ ಕೆಳಗ ನಮ್ಮ ಪಲಂಗ ಅದ. ಬಿಸಲ ಸೀದಾ ಮಾರಿ ಮ್ಯಾಲ ಬೀಳಾಕತ್ತದ.”

“ನೋಡಿದ್ನಿರಿ.”

ಪೂರ್ವದ ಇಳಿಜಾರಿಗೆ ದಾಟಿದೆ. ಅಲ್ಲಿ ಏನೂ ಆಗಿರಲಿಲ್ಲ, ಧೂಳು ಕೂಡ ಹಾಗೇ ಕುಳಿತಿತ್ತು. ಅದರ ಕೆಳಗೆ, ಅಡುಗೆಮನೆಯ ಹಿಂದಿನ ಜಗಲಿಗೆ ನಾಲ್ಕು ನೀಲಿ ತಗಡು ಹೊದಿಸಿದ್ದರು. ತಗಡುಗಳ ಮೇಲೆ ಒಂದೇ ಗಾತ್ರದ ತಗ್ಗುಗಳು ಇದ್ದವು. ಎಣಿಸಿದೆ, ಹದಿನೆಂಟು. ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ನಿಂತ ಒಬ್ಬರ ತೋಳು ಎಷ್ಟು ದೂರ ಚಾಚುತ್ತದೋ ಅಷ್ಟರೊಳಗೇ ಎಲ್ಲವೂ ಇದ್ದವು. ಪ್ರತಿ ತಗ್ಗಿನ ನಟ್ಟನಡುವೆ ಬಣ್ಣ ಕಿತ್ತಿತ್ತು. ಟೇಪು ಹಿಡಿದು ನೋಡಿದೆ, ಎಲ್ಲವೂ ಹೆಚ್ಚು ಕಡಿಮೆ ಒಂದೇ ಅಗಲ. ತಗಡಿನ ಅಂಚಿನ ಮಡಿಕೆಯಲ್ಲಿ ಒಂದು ಹಸಿರು ಗಾಜಿನ ಬಳೆಯ ಚೂರು ಸಿಕ್ಕಿಕೊಂಡಿತ್ತು.

ಈ ಸಲ ಸಿಟ್ಟು ಬರಲಿಲ್ಲ. ಕಿರಾಣಿ ಅಂಗಡಿಯವನ ಹೆಂಡತಿ ನೆನಪಾದಳು. ಎಲ್ಲದರ ಫೋಟೋ ತೆಗೆದೆ, ಆ ಹದಿನೆಂಟರದ್ದೂ. ಬಳೆಯ ಚೂರನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿ ಇಳಿದೆ.

ಲೈನ್‌ಮನ್ನರು ಮುಂದಿನ ಕೋಣೆಯಲ್ಲಿ ಪಾಲಿಸಿಯ ಕಾಗದ ಹರಡಿಕೊಂಡು ಕುಳಿತಿದ್ದರು. ಆಲಿಕಲ್ಲು ಬಿದ್ದ ಮರುದಿನವೇ ಅವರು ಅರ್ಜಿ ತುಂಬಿದ್ದರು. ಅದನ್ನು ಮತ್ತೊಮ್ಮೆ ಓದಿದೆ. “ಪಶ್ಚಿಮ ಭಾಗದ ಸಿಮೆಂಟ್ ಶೀಟು ಮತ್ತು ನೀರಿನ ದೋಣಿ” ಎಂದಷ್ಟೇ ಬರೆದಿದ್ದರು. ಹಿಂದಿನ ತಗಡಿನ ಹೆಸರೇ ಇರಲಿಲ್ಲ. ಅಂದರೆ ಇವರಿಗೆ ಆ ವಿಷಯ ಗೊತ್ತಿರಲಿಕ್ಕಿಲ್ಲ. ಸುಳ್ಳು ಹಾನಿ ತೋರಿಸಿದರೆ ಪೂರ್ತಿ ಕ್ಲೇಮನ್ನೇ ರದ್ದು ಮಾಡುವ ಅಧಿಕಾರ ಕಂಪನಿಗೆ ಇರುತ್ತದೆ. ಆದರೆ ಆ ತಗಡಿಗೆ ಯಾರೂ ಇನ್ನೂ ಪರಿಹಾರ ಕೇಳಿರಲಿಲ್ಲ.

“ಚಹಾ ತಗೊಂಡ ಹೋಗ್ರಿ” ಎಂದರು. “ನೀರ ಬೇಕಾಗಿತ್ರಿ” ಎಂದು ನಾನು ಅಡುಗೆಮನೆಗೆ ಹೋದೆ.

ಹೆಂಡತಿ ಒಲೆಯ ಮುಂದೆ ನಿಂತಿದ್ದರು. ಕಟ್ಟೆಯ ಮೇಲೆ ಬೆಳ್ಳುಳ್ಳಿ ಚಟ್ನಿ ಕುಟ್ಟುವ ಹಿತ್ತಾಳೆಯ ಖಲಬತ್ತಾ. ಅದರ ಗುಂಡನೆಯ ಕುಟ್ಟಣಿಯ ತುದಿ ಸವೆದು ಮಿರುಗುತ್ತಿತ್ತು, ತುದಿಗೆ ಒಂದಿಷ್ಟು ನೀಲಿ ಬಣ್ಣ ಹತ್ತಿಕೊಂಡಿತ್ತು. ಅವರ ಬಲಗೈಯ ಮಣಿಕಟ್ಟಿನ ಬಳಿ ಅರಿಶಿನ ಹಚ್ಚಿದ ಗೀರುಗಾಯ. ನಾನು ಕಾಗದ ಬಿಚ್ಚಿ ಬಳೆಯ ಚೂರನ್ನು ಕಟ್ಟೆಯ ಮೇಲಿಟ್ಟೆ. ಅವರು ಅದನ್ನು ನೋಡಿದರು. ಚಹಾ ಉಕ್ಕಿತು. ಒಲೆ ಆರಿಸಿ, ಸೆರಗಿನಿಂದ ಕಟ್ಟೆ ಒರೆಸಿದರು.

“ಅವರಿಗೆ ಗೊತ್ತಿಲ್ರಿ” ಎಂದರು ಮೆಲ್ಲಗೆ. “ದೇವರಾಣಿ ಗೊತ್ತಿಲ್ಲ. ನಿನ್ನಿ ಅವರು ದವಾಖಾನಿಗೆ ಹೋಗಿದ್ರು.”

“ಯಾಕ ಮಾಡಿದ್ರಿ ಅಕ್ಕಾ?”

“ಹಿಂದಿನ ಓಣ್ಯಾಗಿನಾಕಿ ಹೇಳಿದ್ಳು. ಇನ್ಶೂರೆನ್ಸಿನವರು ಮ್ಯಾಲ ಹತ್ತಂಗಿಲ್ಲ, ಕೆಳಗ ನಿಂತ ಫೋಟೋ ಹೊಡ್ಕೊಂಡ ಹೋಗ್ತಾರ. ತಗ್ಗು ಕಾಣಲಿಲ್ಲ ಅಂದ್ರ ಏನೂ ಕೊಡಂಗಿಲ್ಲ ಅಂತ. ಸಿಮೆಂಟಿನ ಸೀಳು ಹೊರಗ ಕೆಳಗ ನಿಂತ್ರ ಕಾಣಂಗಿಲ್ಲಲ್ರಿ. ಈ ಮಳಿಗಾಲದಾಗ ಅವರು ಆ ಕಾಲ ತಗೊಂಡ ಹಸಿ ನೆಲದಾಗ ಹ್ಯಾಂಗ ಓಡಾಡ್ಬೇಕು, ನೀವ ಹೇಳ್ರಿ. ಸುತ್ತಿಗಿ ಬ್ಯಾಡ, ಗುಂಡಗಿದ್ದದ್ದ ತಗೊ ಅಂದ್ಳು.”

ಕೆಳಗೆ ನಿಂತು ಫೋಟೋ ಹೊಡೆದುಕೊಂಡು ಹೋಗುವವರು ಇದ್ದಾರೆ, ಹಿಂದಿನ ಇಳಿಜಾರು ನೋಡದೆ ಇಳಿದವಳು ನಾನೂ ಇದ್ದೆ. ಆ ನೆರೆಯಾಕೆ ಹೇಳಿದ್ದು ಪೂರ್ತಿ ಸುಳ್ಳೇನೂ ಆಗಿರಲಿಲ್ಲ.

“ನಿಮ್ಮ ಮನಿಗೆ ಖರೇನ ನುಕ್ಸಾನ ಆಗ್ಯದರಿ. ನಾ ಕಣ್ಣಾರೆ ನೋಡೀನಿ, ಎಲ್ಲಾ ಬರೀತೀನಿ” ಎಂದೆ. “ಆದ್ರ ಈ ಹಿಂದಿನ ತಗಡಿನ ಮಾತ ನಾ ಮುಚ್ಚಿಡಾಕ ಬರಂಗಿಲ್ಲ. ಅದು ಆಣಿಕಲ್ಲಿಂದ ಆಗಿದ್ದಲ್ಲ ಅಂತ ಬರೀಬೇಕಾಗ್ತದ. ಅದಕ್ಕ ಮೊದಲ ನೀವ ಅವರಿಗೆ ಹೇಳ್ಬೇಕು. ನನ್ನ ಬಾಯಿಂದ ಕೇಳೋದು ಬ್ಯಾಡ.”

“ಅವರು ಜೀವನದಾಗ ಒಂದ ಸುಳ್ಳ ಮೀಟರ್ ರೀಡಿಂಗ್ ಬರದವರಲ್ರಿ” ಎಂದು ಕಣ್ಣು ಒರೆಸಿಕೊಂಡರು. ಆಮೇಲೆ ಮೂರು ಕಪ್ಪಿಗೆ ಚಹಾ ಸೋಸಿ, ತಟ್ಟೆ ಎತ್ತಿಕೊಂಡು ನನಗಿಂತ ಮೊದಲೇ ಮುಂದಿನ ಕೋಣೆಗೆ ನಡೆದರು.

ತಟ್ಟೆ ಇಟ್ಟು, ಗೋಡೆಗೆ ಒರಗಿ ನಿಂತು, ಒಂದೇ ಉಸಿರಿಗೆ ಹೇಳಿಬಿಟ್ಟರು. ಲೈನ್‌ಮನ್ನರು ಕೇಳುತ್ತ ಕೇಳುತ್ತ ಕಪ್ಪು ಕೆಳಗಿಟ್ಟರು. ನಾನು ಪಾಲಿಸಿಯ ಕಾಗದದ ಕಡೆ ನೋಡುತ್ತ ಕುಳಿತೆ. ಅವರು ಕೇಳಿದ ಮೊದಲ ಮಾತು ನಾನು ಎಣಿಸಿದ್ದಲ್ಲ.

“ನೀ ಮ್ಯಾಲ ಹತ್ತಿದ್ದೇನ?”

“ಹ್ಞೂಂ.”

“ಎಲ್ಲಿಂದ?”

“ಟಾಕಿ ಕಟ್ಟಿಂದ.”

“ನಿಚ್ಚಣಿಕಿ ಯಾರ ಹಿಡದಿದ್ರು?”

“ಯಾರೂ ಇಲ್ಲ. ನಾ ಒಬ್ಬಾಕೇನ.”

ಅವರ ದನಿ ಏರಿತು. “ಆ ಕಟ್ಟಿ ಪಾಚಿಗಟ್ಟ್ಯದ! ಮಗ್ಗಲದಾಗ ಸರ್ವಿಸ್ ವೈರ್ ಹೋಗ್ಯದ, ಅದನ್ನರ ನೋಡಿದ್ದಿ? ಕೈಯಾಗ ಹಿತ್ತಾಳಿ ಹಿಡ್ಕೊಂಡಿದ್ದಿ! ಮೂವತ್ತ ವರ್ಷ ನಾ ಏನ ಕೆಲ್ಸ ಮಾಡೀನಿ, ಯಾಂವ ಹ್ಯಾಂಗ ಸತ್ತಾ ಅಂತ ಮನಿಗೆ ಬಂದ ಹೇಳ್ತಿದ್ದಿಲ್ಲೇನ ನಿನಗ? ನಾ ದವಾಖಾನಿಂದ ಬಂದ ನೋಡಿದ್ರ ನೀ ಹಿತ್ತಲದಾಗ ಬಿದ್ದಿದ್ರ?”

ಹೆಂಡತಿ ಆಗ ಅತ್ತರು. ಅಲ್ಲಿಯವರೆಗೆ ತಡೆದುಕೊಂಡಿದ್ದವರು ಗೋಡೆಯ ಬುಡದಲ್ಲೇ ಕುಳಿತು ಅತ್ತರು. ಲೈನ್‌ಮನ್ನರು ಕೋಲೂರಿ ಎದ್ದು ಹತ್ತಿರ ಹೋದರು, ಬಗ್ಗಲಾಗದೆ ನಿಂತೇ ಕೈ ಚಾಚಿದರು. “ಕೈ ತೋರ್ಸು” ಎಂದು ಗೀರುಗಾಯ ನೋಡಿದರು. “ಜಂಗ ಹಿಡದ ತಗಡ ತಾಗ್ಯದೇನ? ನಾಳಿ ಇಂಜೆಕ್ಷನ್ ಮಾಡಸ್ಕೊಂಡ ಬರೂಣ.”

ಆಮೇಲೆ ನನ್ನ ಕಡೆ ತಿರುಗಿದರು. ಆಗಷ್ಟೇ ಸುಳ್ಳು ಹಾನಿಯ ಸಂಗತಿ ಅವರ ಮುಖದ ಮೇಲೆ ಬಂತು.

“ಮೇಡಂ, ಕ್ಲೇಮ್ ವಾಪಸ್ ತಗೊಂಡಬಿಡ್ತೀನ್ರಿ. ಎಲ್ಲಾ.”

“ಯಾಕ್ರೀ? ಸಿಮೆಂಟ್ ಪತ್ರಾ ಖರೇ ಒಡದಾವ. ನೀವ ಬರದದ್ದರಾಗ ಒಂದ ಅಕ್ಷರಾನೂ ಸುಳ್ಳಿಲ್ಲ. ತಗಡಿಂದ ನೀವ ಕೇಳೇ ಇಲ್ಲ.”

“ಈಗ ನಿಮಗ ಗೊತ್ತಾಗ್ಯದಲ್ರಿ.”

“ಗೊತ್ತಾಗ್ಯದ. ಅದನ್ನೂ ಬರೀತೀನಿ. ನೀವೂ ಒಂದ ಕಾಗದದಾಗ ಬರದ ಕೊಡ್ರಿ, ಹಿಂದಿನ ತಗಡಿಗೆ ನಾವ ಏನೂ ಕೇಳಾಕತ್ತಿಲ್ಲ ಅಂತ.”

ಅವರು ಯೋಚಿಸಿದರು. ಕಪಾಟಿನಿಂದ ಬಿಳಿ ಹಾಳೆ ತೆಗೆಸಿ, ಕನ್ನಡಕ ಹಾಕಿಕೊಂಡು, ದುಂಡನೆಯ ಅಕ್ಷರದಲ್ಲಿ ಬರೆಯತೊಡಗಿದರು. ಹಿಂದಿನ ಜಗಲಿಯ ನಾಲ್ಕು ತಗಡುಗಳ ಮೇಲಿನ ತಗ್ಗುಗಳು ಆಲಿಕಲ್ಲಿನಿಂದ ಆದವಲ್ಲ, ನಮ್ಮ ಮನೆಯವರಿಂದಲೇ ಆದವು, ಅದಕ್ಕೆ ಪರಿಹಾರ ಬೇಡ, ಎಂದು. “ನಮ್ಮ ಮನೆಯವರಿಂದ” ಎಂಬಲ್ಲಿ ಪೆನ್ನು ನಿಂತಿತು. ಹೆಂಡತಿಯ ಹೆಸರು ಬರೆಯಬೇಕೇ ಎಂದು ನನ್ನನ್ನು ಕೇಳಿದರು. ಬೇಕಾಗಿಲ್ಲ ಎಂದೆ. “ಹಂಗಾರ ನಾನ ಸಹಿ ಮಾಡ್ತೀನಿ. ಮನಿ ನಂದ” ಎಂದು ಸಹಿ ಹಾಕಿದರು. ಅವರ ಹೆಂಡತಿ ಎದ್ದು ಬಂದು, ಯಾರೂ ಕೇಳದಿದ್ದರೂ, ಅದರ ಕೆಳಗೆ ತಮ್ಮ ಹೆಸರನ್ನೂ ಬರೆದರು. ತಣ್ಣಗಾದ ಚಹಾವನ್ನು ಮೂವರೂ ಕುಡಿದೆವು.

ನಾನು ವರದಿಯಲ್ಲಿ ಕಂಡದ್ದನ್ನು ಕಂಡಂತೆ ಬರೆದೆ. ನಿರೀಕ್ಷಿಸಿದಂತೆ ಕಲಬುರಗಿಯ ಕಚೇರಿಯಿಂದ ಫೋನು ಬಂತು. ಅಲ್ಲಿನ ಅಧಿಕಾರಿ, ನನಗಿಂತ ಬಹಳ ಚಿಕ್ಕವನು, ಈ ಕಡತ ಪೂರ್ತಿ ತಿರಸ್ಕರಿಸಬೇಕಲ್ಲವೇ ಎಂದ. ನಾನು ಮರುದಿನ ಬಸ್ಸು ಹತ್ತಿ ಹೋದೆ. ಅವನ ಮೇಜಿನ ಮೇಲೆ ಫೋಟೋಗಳನ್ನು ಎರಡು ಸಾಲಾಗಿ ಇಟ್ಟೆ: ಪಶ್ಚಿಮದ್ದು ಒಂದು ಕಡೆ, ಹಿಂದಿನ ತಗಡಿನದು ಒಂದು ಕಡೆ. ದೋಣಿಯ ತಗ್ಗುಗಳ ಗಾತ್ರ ಹೇಗೆ ಬೇರೆ ಬೇರೆ, ಈ ಹದಿನೆಂಟು ಹೇಗೆ ಒಂದೇ ಎಂಬುದನ್ನು ತೋರಿಸಿದೆ. ಅರ್ಜಿಯ ದಿನಾಂಕ ಓದಿಸಿದೆ. ಏಳು ವರ್ಷದ ಹಿಂದೆ ನಾನು ಮಾಡಿದ್ದನ್ನೂ ಹೇಳಿದೆ. ಅದನ್ನು ಹೇಳಬೇಕೆಂದು ಹೊರಟಿರಲಿಲ್ಲ, ಮಾತಿನ ನಡುವೆ ಬಂತು. ಅವನು ಕಾಗದ ಮಡಚಿ ಬಿಚ್ಚಿ ಮಾಡುತ್ತ ಕೇಳಿದ. ತಾನೇ ಬಂದು ನೋಡುವುದಾಗಿ ಹೇಳಿದ, ಬಂದ, ಹೊಸ ಬೂಟು ಬಿಚ್ಚಿ ಏಣಿ ಏರಿದ. ಲೈನ್‌ಮನ್ನರು ಅವನಿಗೂ ಎಲ್ಲಿ ಕಾಲಿಡಬೇಕೆಂದು ಕೂಗಿ ಹೇಳಿದರು. ಮೂರು ವಾರದಲ್ಲಿ ಸಿಮೆಂಟ್ ಶೀಟು ಮತ್ತು ದೋಣಿಗೆ ಮಂಜೂರಿ ಬಂತು. ಎಲ್ಲ ಸಲ ಹೀಗೆ ಆಗುತ್ತದೆಂದು ನಾನು ಹೇಳಲಾರೆ. ಆ ಪಟ್ಟಿಯಲ್ಲೇ ಇನ್ನೊಂದು ಮನೆಗೆ, ನಾನು ಎಷ್ಟು ಬರೆದರೂ, ಪಾಲಿಸಿ ನವೀಕರಿಸಿಲ್ಲವೆಂದು ಏನೂ ಸಿಗಲಿಲ್ಲ.

ಜೂನಿನ ಮೊದಲ ವಾರ, ದುರಸ್ತಿಯಾದ ಮೇಲಿನ ಫೋಟೋ ತೆಗೆಯಲು ಮತ್ತೆ ಆ ಮನೆಗೆ ಹೋದೆ. ಹೊಸ ಶೀಟುಗಳು ಬೂದು ಬಣ್ಣದಲ್ಲಿ ಮಿನುಗುತ್ತಿದ್ದವು, ದೋಣಿಯ ಜೋಡಣೆಗಳಿಗೆ ಲೈನ್‌ಮನ್ನರೇ ಕೆಳಗೆ ಕುಳಿತು ರಿವೆಟ್ ಹೊಡೆದು ಕೊಟ್ಟಿದ್ದರಂತೆ. ನಾನು ಕೆಲಸ ಮುಗಿಸಿ ಇಳಿದಾಗ ಅವರು ಕೋಲನ್ನು ಗೋಡೆಗೆ ಒರಗಿಸಿ ಏಣಿಯ ಬುಡಕ್ಕೆ ಬಂದರು.

“ಗಟ್ಟಿ ಹಿಡೀರಿ ಇಬ್ಬರೂ” ಎಂದರು.

“ಏನ ಮಾಡಾಕತ್ತೀರಿ? ಡಾಕ್ಟರ್ ಏನ ಹೇಳ್ಯಾರ!” ಹೆಂಡತಿ ಗದರಿದರು.

“ನಾಕ ಮೆಟ್ಟಲ. ಜಾಸ್ತಿ ಇಲ್ಲ.”

ಒಳ್ಳೆಯ ಕಾಲನ್ನು ಮೊದಲಿಟ್ಟು, ಕೈಬಲದ ಮೇಲೆ ಮೈ ಎಳೆದುಕೊಂಡು, ಒಂದೊಂದೇ ಮೆಟ್ಟಿಲು ಏರಿದರು. ಏಣಿಯ ಒಂದು ಕಾಲು ನನ್ನ ಕೈಯಲ್ಲಿ, ಇನ್ನೊಂದು ಅವರ ಹೆಂಡತಿಯ ಕೈಯಲ್ಲಿ. ನಾಲ್ಕನೆಯ ಮೆಟ್ಟಿಲಲ್ಲಿ ಅವರ ತಲೆ ಸೂರಿನ ಮೇಲೆ ಹೋಯಿತು. ಅಲ್ಲೇ ನಿಂತರು. ಶೀಟಿನ ಮೇಲೆ ಅಂಗೈ ಇಟ್ಟು ಸವರಿದರು, ಮೊಳೆಗಳ ಸಾಲನ್ನು ಬೆರಳಿನಿಂದ ತಟ್ಟಿದರು, ಆಮೇಲೆ ಏನೂ ಮಾಡದೆ ಕೆರೆಯ ಕಡೆ, ಕೋಟೆಯ ಕಡೆ ನೋಡುತ್ತ ನಿಂತರು. ಬೀದಿಯ ಕಂಬದ ತಂತಿ ಅಲ್ಲಿಂದ ನೇರ ಕಾಣುತ್ತಿತ್ತು. “ಈ ಜಂಪರ್ ತಂತಿ ಯಾಂವ ಕಟ್ಟ್ಯಾನ? ಸಡ್ಲ ಅದ” ಎಂದು ಬೈದರು.

“ಆತೇನ್ರಿ?” ಕೈ ಸೋತು ನಾನು ಕೇಳಿದೆ.

“ಆತ್ರಿ. ಇಳಸ್ರಿ.”

ಏರಿದ್ದಕ್ಕಿಂತ ಇಳಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ನೆಲಕ್ಕೆ ಕಾಲಿಟ್ಟಾಗ ಅವರ ಅಂಗಿ ಬೆವರಿನಲ್ಲಿ ತೊಯ್ದಿತ್ತು, ಮುಖ ಮಾತ್ರ ಅರಳಿತ್ತು. ಹೆಂಡತಿ ಏನೋ ಗೊಣಗುತ್ತ ಟವೆಲ್ಲು ತಂದುಕೊಟ್ಟರು. ಊಟ ಮಾಡಿಯೇ ಹೋಗಬೇಕೆಂದು ಹಟ ಹಿಡಿದರು. ಬಿಸಿ ರೊಟ್ಟಿ, ಪುಂಡಿಪಲ್ಯ, ಒಂದು ಬಟ್ಟಲು ಮೊಸರು. ನಾವು ಉಣ್ಣುತ್ತಿರುವಾಗ ಲೈನ್‌ಮನ್ನರು ಫೋನು ಹಚ್ಚಿ, ತಮ್ಮ ಹಳೆಯ ಕಚೇರಿಯ ಯಾರಿಗೋ ಆ ಸಡಿಲ ತಂತಿಯ ಕಂಬದ ನಂಬರು ಹೇಳುತ್ತಿದ್ದರು.